10 ಸೈಜ್ ಪಿಸ್ಟನ್ ಮತ್ತು 800 ಸಿಸಿ ಮಿತಿ: ಬಳ್ಳಾರಿಯಲ್ಲಿ ಆಟೋಕ್ರಾಸ್‌ಗೆ ಸಿದ್ಧವಾದ ಒಂದು ಮಾರುತಿ 800

ಮಾರುತಿ 800 ಕಾರಿನ ಎಫ್8ಬಿ ಎಂಜಿನ್ನಿಗೆ ಮೂರು ಸಿಲಿಂಡರ್‌ಗಳಿವೆ. ಒಂದೊಂದರ ಬೋರ್ (ಒಳವ್ಯಾಸ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 72 ಮಿ.ಮೀ.; ಒಟ್ಟು ಸಾಮರ್ಥ್ಯ 796 ಸಿಸಿ. ಹವ್ಯಾಸಿ ಆಟೋಕ್ರಾಸ್‌ನಲ್ಲಿ, ಅಂದರೆ ಮಣ್ಣಿನ ಹಾದಿಯಲ್ಲಿ ಗಡಿಯಾರದ ವಿರುದ್ಧ ಕಾರು ಓಡಿಸುವ ಸ್ಪರ್ಧೆಯಲ್ಲಿ, 800 ಸಿಸಿವರೆಗಿನ ವರ್ಗಕ್ಕೆ ಈ ಕಾರನ್ನು ಇಳಿಸುವವರ ಕೈಯಲ್ಲಿ ಉಳಿಯುವ ಅಂತರ ಬರೀ 4 ಸಿಸಿ. ನನ್ನ ಅಕ್ಕನ ಮಗ ಓಡಿಸಲೆಂದು ಬಳ್ಳಾರಿಯಲ್ಲಿ ಒಂದು ಹಳೆಯ ಕಾರ್ಬೊರೇಟರ್ ಮಾದರಿಯ 800 ಕಾರನ್ನು ನಾವು ಸಜ್ಜುಗೊಳಿಸಿದೆವು. ಆ ಕೆಲಸದಲ್ಲಿ ಪಾನಾ ಹಿಡಿದಷ್ಟೇ ಹೊತ್ತು ನಿಯಮದ ಪುಸ್ತಕವನ್ನೂ ಹಿಡಿದು ಕುಳಿತಿದ್ದೆವು. ಯಾವ ಭಾಗವನ್ನು ಏಕೆ ಬದಲಿಸಿದೆವು, ಯಾವುದನ್ನು ಏಕೆ ಮುಟ್ಟಲಿಲ್ಲ ಎಂಬುದು ಇದೇ ಹಾದಿಯಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ನಿಯಮಗಳಿಗೆ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲೆ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎಯ ಕ್ರೀಡಾ ಸಂಹಿತೆಯೂ ಕಾರುಗಳ ತಾಂತ್ರಿಕ ನಿಯಮಗಳಿರುವ ಅದರ ಅನುಬಂಧ-ಜೆಯೂ ಇವೆ. ಅದರ ಕೆಳಗೆ ನಮ್ಮ ದೇಶದಲ್ಲಿ ಮೋಟಾರು ಕ್ರೀಡೆಯನ್ನು ನಡೆಸುವ ಎಫ್‌ಎಂಎಸ್‌ಸಿಐಯ ನಿಯಮಗಳಿವೆ. ಕೊನೆಯಲ್ಲಿ ಆಯಾ ಸ್ಪರ್ಧೆಯ ಸಂಘಟಕರು ಹೊರಡಿಸುವ ಪೂರಕ ನಿಯಮಾವಳಿ ಬರುತ್ತದೆ. ಓದುವಾಗ ಮಾತ್ರ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ನಮ್ಮ ವರ್ಗದ ತಾಂತ್ರಿಕ ನಿಯಮಗಳು ಪೂರಕ ನಿಯಮಾವಳಿಯಲ್ಲಿ ಒಂದೇ ಪುಟದಷ್ಟಿದ್ದವು, ಮತ್ತು ಆ ಪುಟದಲ್ಲಿ ಹೇಳದ ವಿಷಯಗಳಿಗೆ ಗ್ರೂಪ್ ಎನ್, ಅಂದರೆ ಉತ್ಪಾದನಾ ಕಾರುಗಳ ನಿಯಮಗಳ ತತ್ತ್ವವೇ ಆಧಾರವೆಂದು ಕೊನೆಯ ಸಾಲಿನಲ್ಲಿ ಬರೆದಿತ್ತು. ಹೆಚ್ಚಿನವರು ಕಣ್ಣು ಹಾಯಿಸಿ ಬಿಟ್ಟುಬಿಡುವ ಸಾಲು ಅದು. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಅತಿ ಹೆಚ್ಚು ತೂಕದ ಸಾಲೂ ಅದೇ, ಏಕೆಂದರೆ ನಿಯಮ ಮೌನವಾಗಿರುವ ಕಡೆ ಏನು ಮಾಡಬೇಕೆಂಬುದನ್ನು ಅದು ನಿರ್ಧರಿಸಿಬಿಡುತ್ತದೆ. ಗ್ರೂಪ್ ಎನ್ ನಿಯಮದಲ್ಲಿ ಅನುಮತಿ ಇಲ್ಲದ ಮಾರ್ಪಾಡುಗಳೆಲ್ಲವೂ ನಿಷಿದ್ಧ. ಪುಸ್ತಕದಲ್ಲಿ ಬೇಡವೆಂದು ಎಲ್ಲಿದೆ ಎಂದು ಹುಡುಕುವುದರಿಂದ ಪ್ರಯೋಜನವಿಲ್ಲ. ಮಾಡಬಹುದೆಂದು ಎಲ್ಲಿದೆ ಎಂದು ಹುಡುಕಬೇಕು.

ಇದರ ಜೊತೆಗೆ ಇನ್ನೆರಡು ವಾಕ್ಯಗಳನ್ನು ಶೆಡ್ಡಿನ ಗೋಡೆಯ ಮೇಲೆ ಬರೆದು ಅಂಟಿಸಿದ್ದೆವು. ಮೊದಲನೆಯದು, ಅನುಮತಿ ಇರುವ ಒಂದು ಮಾರ್ಪಾಡು ಅನುಮತಿ ಇಲ್ಲದ ಇನ್ನೊಂದಕ್ಕೆ ದಾರಿಯಾಗಬಾರದು ಎಂಬುದು. ಎರಡನೆಯದು ‘ಮುಕ್ತ’ ಎಂದು ನಮೂದಿಸಿದ ಭಾಗಗಳ ಕುರಿತಾದದ್ದು: ಅಂಥ ಭಾಗವನ್ನು ತೆಗೆಯಬಹುದು ಅಥವಾ ಬದಲಿಸಬಹುದು, ಆದರೆ ಹೊಸ ಭಾಗಕ್ಕೆ ಹಳೆಯದಕ್ಕಿಲ್ಲದ ಹೆಚ್ಚುವರಿ ಕಾರ್ಯವಿರಕೂಡದು. ಮುಂದೆ ಬಂದ ಒಂದೊಂದು ತಕರಾರೂ ಈ ಮೂರು ಮಾತುಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತಿತ್ತು.

ಕಾರು ಸಂಡೂರಿನ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಬಹುಕಾಲ ಓಡಿದ್ದು. ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದೆ ಕೆಂಧೂಳು ನೇರವಾಗಿ ಕಾರ್ಬೊರೇಟರ್‌ಗೆ ಇಳಿದಿತ್ತು. ವೇಗ ಹೆಚ್ಚಿಸಿದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿತ್ತು. ಕಂಪ್ರೆಷನ್ ಪರೀಕ್ಷೆಯಲ್ಲಿ ಎರಡನೆಯ ಸಿಲಿಂಡರ್ ಉಳಿದೆರಡಕ್ಕಿಂತ ಬಹಳ ಕೆಳಗಿತ್ತು, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿತು. ವಾಲ್ವ್ ಸರಿಯಿದೆ, ರಿಂಗ್ ಮತ್ತು ಬೋರ್ ಸವೆದಿವೆ ಎಂಬುದಕ್ಕೆ ಅದೇ ಸಾಕ್ಷಿ. ಹೆಡ್ ಇಳಿಸಿ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆದೆವು. ಸವೆತ ಯಾವಾಗಲೂ ರಿಂಗ್ ಬಂದು ತಿರುಗುವ ಮೇಲ್ತುದಿಯ ಹತ್ತಿರ ಹೆಚ್ಚಿರುತ್ತದೆ, ಆದ್ದರಿಂದ ನಡುವಿನ ಅಳತೆಯೊಂದನ್ನೇ ನಂಬಬಾರದು. ಒಂದನೆಯ ಮತ್ತು ಮೂರನೆಯ ಸಿಲಿಂಡರ್‌ಗಳು ಹಾನಿಂಗ್ ಮಾಡಿ (ಒಳಮೈಯನ್ನು ತೆಳ್ಳಗೆ ತಿಕ್ಕಿ) ಹೊಸ ರಿಂಗ್ ಹಾಕುವ ಸ್ಥಿತಿಯಲ್ಲಿದ್ದವು. ಎರಡನೆಯದರಲ್ಲಿ 0.12 ಮಿ.ಮೀ. ಸವೆತವಿತ್ತು, ಜೊತೆಗೆ ಉಗುರಿಗೆ ಸಿಗುವಂಥ ಒಂದು ಉದ್ದ ಗೀರೂ ಇತ್ತು.

ಇಂಥ ಎಂಜಿನ್ನಿಗೆ ಊರಿನ ಯಾವ ಗ್ಯಾರೇಜಿನಲ್ಲಾದರೂ ಸಿಗುವ ಉತ್ತರ ಒಂದೇ. ನಮ್ಮ ಮೇಸ್ತ್ರಿಯೂ ಅದನ್ನೇ ಹೇಳಿದರು: “ಟೆನ್ ಸೈಜ್ ಹಾಕಿಬಿಡೋಣ ಸರ್, ಹೊಸ ಎಂಜಿನ್ ಆದಂಗ ಆಗ್ತೈತಿ.” ಟೆನ್ ಸೈಜ್ ಎಂದರೆ ಇಂಚಿನ ಸಾವಿರದಲ್ಲಿ ಹತ್ತು ಭಾಗ, ಮೂಲಕ್ಕಿಂತ ವ್ಯಾಸದಲ್ಲಿ ಸುಮಾರು 0.25 ಮಿ.ಮೀ. ದೊಡ್ಡದಾದ ಪಿಸ್ಟನ್. ರಸ್ತೆಯ ಕಾರಿಗೆ ಇದು ಸರಿಯಾದ ಸಲಹೆ. ನಮ್ಮ ವರ್ಗಕ್ಕೆ ಮಾತ್ರ ಲೆಕ್ಕ ಹಾಕಿ ನೋಡಬೇಕಾಯಿತು. ಅನುಬಂಧ-ಜೆ ಎಂಜಿನ್ ಸಾಮರ್ಥ್ಯಕ್ಕೆ ಕೊಡುವ ಸೂತ್ರ ಸರಳವಾಗಿದೆ: 0.7854ನ್ನು ಬೋರಿನ ವರ್ಗದಿಂದ, ಸ್ಟ್ರೋಕಿನಿಂದ ಮತ್ತು ಸಿಲಿಂಡರ್‌ಗಳ ಸಂಖ್ಯೆಯಿಂದ ಗುಣಿಸಬೇಕು. ಬೋರ್ 68.5 ಇದ್ದಾಗ ಬರುವುದು 796.0 ಸಿಸಿ. ಬೋರನ್ನು 68.75ಕ್ಕೆ ಏರಿಸಿದರೆ 801.8 ಸಿಸಿ. 20 ಸೈಜಿನಲ್ಲಿ 807.7 ಸಿಸಿ. ಅಂದರೆ ಕಂಪನಿಯ ಕೈಪಿಡಿಗೆ ಒಪ್ಪಿಗೆಯಾದ, ಮೊಟ್ಟಮೊದಲ ಹಂತದ, ಸಾಮಾನ್ಯ ದುರಸ್ತಿಯೇ ಈ ಕಾರನ್ನು ಅದರ ವರ್ಗದಿಂದ ಹೊರಗೆ ದಬ್ಬುತ್ತದೆ. ಮೇಲಿನ ವರ್ಗಕ್ಕೆ ಹೋದರೆ ಎದುರಾಗುವುದು 993 ಸಿಸಿಯ ಝೆನ್‌ನಂಥ ನಾಲ್ಕು ಸಿಲಿಂಡರಿನ ಕಾರುಗಳು.

ಇಲ್ಲಿ ಎರಡು ವಾದಗಳು ಎದ್ದವು, ಮತ್ತು ಎರಡನ್ನೂ ಗಂಭೀರವಾಗಿಯೇ ತೂಗಿ ನೋಡಿದೆವು. ಮೊದಲನೆಯದು ಆರ್‌ಸಿಯ ವಾದ. ನೋಂದಣಿ ಪತ್ರದಲ್ಲಿ 796 ಸಿಸಿ ಎಂದಿದೆ, ಬೋರಿಂಗ್ ಮಾಡಿಸಿದವರಾರೂ ಆ ಅಂಕಿಯನ್ನು ತಿದ್ದಿಸುವುದಿಲ್ಲ, ಹೀಗಾಗಿ ಸ್ಪರ್ಧೆಯಲ್ಲೂ ಅದೇ ಲೆಕ್ಕಕ್ಕೆ ಬರಬೇಕು ಎಂಬುದು ಅದರ ಸಾರ. ಇದು ನಿಲ್ಲುವುದಿಲ್ಲ. ನಿಯಮವು ಅಳತೆಯ ಸೂತ್ರವನ್ನೇ ಕೊಟ್ಟಿರುವಾಗ ಕಾಗದದ ಅಂಕಿಗೆ ಸ್ಥಾನವಿಲ್ಲ. ಗ್ರೂಪ್ ಎನ್‌ಗಿಂತ ಹೆಚ್ಚು ಮಾರ್ಪಾಡುಗಳನ್ನು ಒಪ್ಪುವ ಗ್ರೂಪ್ ಎ ನಿಯಮವು ಮೂಲ ಬೋರಿಗಿಂತ 0.6 ಮಿ.ಮೀ.ವರೆಗೆ ಬೋರಿಂಗಿಗೆ ಅವಕಾಶ ಕೊಡುವಾಗಲೂ, ಅದರಿಂದ ವರ್ಗದ ಸಾಮರ್ಥ್ಯದ ಮಿತಿ ಮೀರಬಾರದೆಂಬ ಷರತ್ತನ್ನು ಅದೇ ವಾಕ್ಯದೊಳಗೆ ಸೇರಿಸಿದೆ. ಅನುಮತಿಯ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಓದುವವರು ಈ ಷರತ್ತಿನ ಮುಂದೆಯೇ ಎಡವುತ್ತಾರೆ.

ಎರಡನೆಯ ವಾದ ನನ್ನ ಅಳಿಯನದು, ಮತ್ತು ಅದು ಹೆಚ್ಚು ಚುರುಕಾದದ್ದು. “ಮಾಮಾ, ಕೆಟ್ಟಿರೋದು ಒಂದ ಅಲ್ಲಾ? ಅದೊಂದಕ್ಕ ಟೆನ್ ಸೈಜ್ ಹಾಕಿದ್ರ 800 ದಾಟಂಗಿಲ್ಲ” ಎಂದ. ಲೆಕ್ಕ ಅವನ ಪರವಾಗಿಯೇ ಇತ್ತು. ಒಂದು ಸಿಲಿಂಡರನ್ನು ಮಾತ್ರ 68.75ಕ್ಕೆ ಕೊರೆದರೆ ಒಟ್ಟು 797.96 ಸಿಸಿ ಆಗುತ್ತದೆ. ಎರಡನ್ನು ಕೊರೆದರೂ 799.90, ಮೂರನೆಯದಕ್ಕೆ ಕೈ ಹಾಕಿದಾಗಲೇ ಮಿತಿ ದಾಟುವುದು. ಆದರೂ ನಾನು ಒಪ್ಪಲಿಲ್ಲ, ಅದಕ್ಕೆ ಎರಡು ಕಾರಣಗಳಿದ್ದವು. ಸೂತ್ರದಲ್ಲಿ ಬೋರಿಗೆ ಇರುವುದು ಒಂದೇ ಅಂಕಿ, ಅದನ್ನು ಸಿಲಿಂಡರ್‌ಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಎಲ್ಲ ಬೋರುಗಳೂ ಸಮ ಎಂಬ ನಂಬಿಕೆಯ ಮೇಲೆಯೇ ಆ ಸೂತ್ರ ನಿಂತಿದೆ. ತಪಾಸಣಾಧಿಕಾರಿ ಒಂದು ಸಿಲಿಂಡರನ್ನು ಅಳೆದು ಮೂರರಿಂದ ಗುಣಿಸಿದರೆ, ಮತ್ತು ಆ ಒಂದು ನಮ್ಮ ಎರಡನೆಯದೇ ಆಗಿದ್ದರೆ, ಅವರ ಹಾಳೆಯಲ್ಲಿ 801.8 ಎಂದೇ ಬರುತ್ತದೆ. ಆಗ ನಾವು ವಾದ ಮಾಡಿ ಗೆಲ್ಲಬೇಕು, ಅಂದರೆ ಕಾರು ಆ ಹೊತ್ತಿಗಾಗಲೇ ಅನುಮಾನದ ಕಾರಾಗಿರುತ್ತದೆ. ಇನ್ನೊಂದು ಕಾರಣ ಯಂತ್ರದ್ದೇ: ಒಂದು ಪಿಸ್ಟನ್ ತೂಕದಲ್ಲಿ ಬೇರೆಯಾದರೆ ಕ್ರ್ಯಾಂಕಿನ ಸಮತೋಲ ಕೆಡುತ್ತದೆ, ಅದನ್ನು ಸರಿಪಡಿಸಲು ಪಿಸ್ಟನ್ನಿನ ಒಳಗಿಂದ ಲೋಹ ತೆಗೆಯಬೇಕು, ಮತ್ತು ಹಾಗೆ ತೆಗೆಯಲು ನಮ್ಮ ಪುಟದಲ್ಲಿ ಅನುಮತಿ ಇರಲಿಲ್ಲ. ಗೋಡೆಯ ಮೇಲಿನ ಮೊದಲ ವಾಕ್ಯ ಹೇಳುತ್ತಿದ್ದುದು ಇದನ್ನೇ.

ಸೂತ್ರವನ್ನು ತಿರುಗಿಸಿ ನೋಡಿದರೆ, ಮೂರೂ ಬೋರುಗಳು ಸಮವಾಗಿದ್ದಾಗ 800ಕ್ಕೆ ನಿಲ್ಲುವ ಗರಿಷ್ಠ ಅಳತೆ 68.67 ಮಿ.ಮೀ. ಆ ಅಳತೆಗೆ ಅಂಗಡಿಯಲ್ಲಿ ಪಿಸ್ಟನ್ ಸಿಗುವುದಿಲ್ಲ. ಹೀಗಾಗಿ ಉಳಿದ ದಾರಿ ಎರಡನೆಯ ಸಿಲಿಂಡರಿಗೆ ಲೈನರ್ (ಒಳಗೆ ಒತ್ತಿ ಕೂರಿಸುವ ಲೋಹದ ಕೊಳವೆ) ಹಾಕಿ ಮತ್ತೆ 68.5ಕ್ಕೇ ತರುವುದು. ಎಫ್8ಬಿಯ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ದೇಹ, ಎರಕದ ಕಬ್ಬಿಣದ್ದು, ಅದೇ ಲೋಹದ ಲೈನರ್ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಲೈನರ್ ಎಂದರೆ ಮೂಲದಲ್ಲಿ ಇಲ್ಲದಿದ್ದ ಒಂದು ವಸ್ತು. ಗ್ರೂಪ್ ಎನ್ ನಿಯಮದಲ್ಲಿ ಸ್ಪಷ್ಟ ಅನುಮತಿಯಿಲ್ಲದೆ ಯಾವ ವಸ್ತುವನ್ನಾಗಲಿ ಭಾಗವನ್ನಾಗಲಿ ಸೇರಿಸುವಂತಿಲ್ಲ. ಗ್ರೂಪ್ ಎ ನಿಯಮವು ಬೋರಿಂಗಿನ ಷರತ್ತುಗಳೊಳಗೆಯೇ ಲೈನರಿಗೂ ಅವಕಾಶ ಕೊಡುತ್ತದೆ, ಆದರೆ ನಮ್ಮ ಪುಟ ಆಧಾರವಾಗಿ ಹೆಸರಿಸಿದ್ದು ಗ್ರೂಪ್ ಎನ್ ಅನ್ನು. ಬೋಲ್ಟು ಕೂರುವ ತೂತಿನೊಳಗಿನ ತಿರುಪಿನ ಎಳೆ (ಥ್ರೆಡ್) ಕೆಟ್ಟಿದ್ದರೆ ಅದೇ ಒಳವ್ಯಾಸದ ಹೊಸ ಎಳೆಯ ಸುರುಳಿಯನ್ನು ಕೂರಿಸುವುದಕ್ಕೆ ಗ್ರೂಪ್ ಎನ್‌ನಲ್ಲಿ ಒಪ್ಪಿಗೆ ಇದೆ, ಲೈನರೂ ಅಂಥದೇ ದುರಸ್ತಿ ಎಂದು ನಾವೇ ತರ್ಕಿಸಿಕೊಳ್ಳಬಹುದಿತ್ತು. ಒಂದರ ಅನುಮತಿಯನ್ನು ಹೋಲಿಕೆಯ ಬಲದಿಂದ ಇನ್ನೊಂದಕ್ಕೆ ಎಳೆದು ತರುವುದು ಇಂಥ ನಿಯಮಗಳಲ್ಲಿ ನಡೆಯದು. ಆದ್ದರಿಂದ ಬ್ಲಾಕನ್ನು ಲೇಥಿಗೆ ಕಳಿಸುವ ಮುನ್ನ ಸಂಘಟಕರಿಗೆ ಬರೆದೆವು.

ಆ ಪತ್ರವನ್ನು ಬರೆದ ರೀತಿಯ ಬಗ್ಗೆ ಒಂದು ಮಾತು ಹೇಳಬೇಕು. ಲೈನರ್ ಹಾಕಬಹುದೇ ಎಂದು ಒಂದೇ ಸಾಲಿನಲ್ಲಿ ಕೇಳಿದರೆ ಫೋನಿನಲ್ಲಿ ಯಾರೋ ಹೂಂ ಎನ್ನುತ್ತಾರೆ, ತಪಾಸಣೆಯ ದಿನ ಇನ್ನಾರೋ ಬಂದು ಅಲ್ಲ ಎನ್ನುತ್ತಾರೆ. ನಾವು ಎಂಜಿನ್ನಿನ ಸಂಖ್ಯೆ, ಸವೆತದ ಅಳತೆ, ಯಾವ ಕಲಮಿನ ಬಗ್ಗೆ ಸಂದೇಹ, ಲೈನರಿನ ಲೋಹ ಯಾವುದು, ಕೆಲಸ ಮುಗಿದ ಮೇಲೆ ಬೋರ್ ಎಷ್ಟಿರುತ್ತದೆ ಎಂಬುದನ್ನೆಲ್ಲ ಬರೆದು, ಇದನ್ನು ದುರಸ್ತಿ ಎಂದು ಪರಿಗಣಿಸುವಿರೋ ಮಾರ್ಪಾಡು ಎಂದು ಪರಿಗಣಿಸುವಿರೋ ಎಂದು ಕೇಳಿದೆವು. ಉತ್ತರವೂ ಬರಹದಲ್ಲೇ ಬೇಕೆಂದು ಕೋರಿದೆವು. ಎರಕದ ಕಬ್ಬಿಣದ ಲೈನರ್ ಆಗಿದ್ದು ಬೋರ್ ಮೂಲ ಅಳತೆಗೇ ಮರಳುವುದಾದರೆ ದುರಸ್ತಿ ಎಂದು ಒಪ್ಪುವುದಾಗಿ, ಸಿಲಿಂಡರ್ ಹೆಡ್ಡಿನ ಮತ್ತು ಬ್ಲಾಕಿನ ಮೇಲ್ಮೈಯನ್ನು ಮಾತ್ರ ಮುಟ್ಟಬಾರದೆಂದು ಉತ್ತರ ಬಂತು.

ಆ ಕೊನೆಯ ಷರತ್ತನ್ನು ಹಾಕಿದವರು ಎಂಜಿನ್ ಕೆಲಸ ಬಲ್ಲವರು. ಗಣಿ ಲಾರಿಗಳ ಭರಾಟೆಯ ಕಾಲದಿಂದ ಬಳ್ಳಾರಿಯಲ್ಲಿ ಬೋರಿಂಗ್ ಕೆಲಸಕ್ಕೆ ಒಳ್ಳೆಯ ಕೈಗಳಿವೆ. ಲೈನರನ್ನು ಒತ್ತಿ ಕೂರಿಸಿದ ಮೇಲೆ ಅದರ ತುದಿ ಕೂದಲೆಳೆಯಷ್ಟು ಮೇಲೆ ಉಳಿದರೆ, ಇಡೀ ಬ್ಲಾಕಿನ ಮುಖವನ್ನೇ ಒಮ್ಮೆ ತೆಳ್ಳಗೆ ಕೆತ್ತಿ ಸಮ ಮಾಡುವುದು ಅವರ ರೂಢಿ. ಅದರಿಂದ ಗ್ಯಾಸ್ಕೆಟ್ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ಮೂಲ ಕಂಪ್ರೆಷನ್ ಅನುಪಾತ 8.7 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, 0.2 ಮಿ.ಮೀ. ಕೆತ್ತಿದಾಗ ಪ್ರತಿ ಸಿಲಿಂಡರಿನ ದಹನ ಕೋಣೆಯಿಂದ ಸುಮಾರು 0.74 ಸಿಸಿ ಕಡಿಮೆಯಾಗಿ ಅನುಪಾತ 8.87ರ ಹತ್ತಿರಕ್ಕೆ ಏರುತ್ತದೆ. ಅಂದರೆ ಅನುಮತಿ ಪಡೆದ ದುರಸ್ತಿಯ ಬೆನ್ನಿಗೆ ಅನುಮತಿ ಇಲ್ಲದ ಶಕ್ತಿವೃದ್ಧಿ ಸದ್ದಿಲ್ಲದೆ ಬಂದು ಸೇರಿಬಿಡುತ್ತದೆ. ನಾವು ಬ್ಲಾಕಿನ ಮುಖವನ್ನು ಮುಟ್ಟದೆ ಲೈನರಿನ ತುದಿಯನ್ನಷ್ಟೇ ಸಮಕ್ಕೆ ಇಳಿಸಬೇಕೆಂದು ಹೇಳಿ, ಕೆಲಸಕ್ಕೆ ಮುಂಚೆ ಮತ್ತು ನಂತರ ಬ್ಲಾಕಿನ ಎತ್ತರವನ್ನು ಅಳೆದು ಬರೆದುಕೊಂಡೆವು. ಬಳಿಕ ಲೈನರನ್ನು ಪಿಸ್ಟನ್ನಿನ ಅಳತೆಗೆ ಬೋರ್ ಮಾಡಿಸಿ, ಮೂರೂ ಸಿಲಿಂಡರ್‌ಗಳಿಗೆ ಅಡ್ಡಗೆರೆ ಮೂಡುವಂತೆ ಹಾನಿಂಗ್ ಮಾಡಿಸಿ, ಸ್ಟ್ಯಾಂಡರ್ಡ್ ಅಳತೆಯ ಕಂಪನಿ ಪಿಸ್ಟನ್ ಮತ್ತು ರಿಂಗ್‌ಗಳನ್ನು ಹಾಕಿದೆವು. ಅವುಗಳ ಬಿಲ್ಲನ್ನು ಕಡತಕ್ಕೆ ಸೇರಿಸಿದೆವು.

ಕಾರ್ಬೊರೇಟರಿನ ಕಲಮು ಓದುಗರ ತಾಳ್ಮೆಯನ್ನು ಬೇಡುವಂಥದ್ದು. ಗ್ರೂಪ್ ಎನ್ ಪ್ರಕಾರ ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಪ್ರಮಾಣವನ್ನು ನಿಯಂತ್ರಿಸುವ ಭಾಗಗಳನ್ನು ಬದಲಿಸಬಹುದು, ಆದರೆ ಅವು ಒಳಬರುವ ಗಾಳಿಯ ಪ್ರಮಾಣದ ಮೇಲೆ ಯಾವ ಪರಿಣಾಮವನ್ನೂ ಬೀರಬಾರದು. ಪೆಟ್ರೋಲು ಹಾಯುವ ಸಣ್ಣ ತೂತಿನ ಮೇನ್ ಜೆಟ್ ಬದಲಿಸುವುದು ಗೆರೆಯ ಒಳಗಿದೆ. ಗಾಳಿ ಹಾಯುವ ಕಿರಿದಾದ ಭಾಗವಾದ ವೆಂಚುರಿಯನ್ನು ತಿಕ್ಕಿ ಅಗಲಿಸುವುದು ಹೊರಗಿದೆ. ಚೋಕಿನ ತಟ್ಟೆಯನ್ನು ಕಿತ್ತು ಹಾಕುವುದೂ ಹೊರಗೇ, ಏಕೆಂದರೆ ಅದು ಪೂರ್ತಿ ತೆರೆದಿದ್ದಾಗಲೂ ಗಾಳಿಯ ದಾರಿಯಲ್ಲಿ ನಿಂತಿರುತ್ತದೆ, ಬೇಸಿಗೆಯ ಬಳ್ಳಾರಿಯಲ್ಲಿ ಚೋಕ್ ಬೇಕಾಗುವುದೇ ಇಲ್ಲ ಎಂಬ ಸಬೂಬು ನಿಯಮಕ್ಕೆ ಸಂಬಂಧಿಸಿದ್ದಲ್ಲ. ಗೊಂದಲ ಇರುವುದು ಏರ್ ಜೆಟ್ಟಿನಲ್ಲಿ. ಅದು ಪೆಟ್ರೋಲಿನೊಡನೆ ಮೊದಲೇ ಸ್ವಲ್ಪ ಗಾಳಿಯನ್ನು ಬೆರೆಸಿ, ವೇಗ ಹೆಚ್ಚಿದಂತೆ ಮಿಶ್ರಣ ಅತಿಯಾಗಿ ಗಟ್ಟಿಯಾಗದಂತೆ ತಡೆಯುತ್ತದೆ. ಉದ್ದೇಶದಿಂದ ಅದು ಪೆಟ್ರೋಲಿನ ನಿಯಂತ್ರಕ, ಸ್ವರೂಪದಿಂದ ಗಾಳಿಯ ತೂತು. ಎರಡೂ ಕಡೆ ವಾದ ಮಾಡಬಹುದಾದ ಭಾಗ ಅದು. ಸಿಗುವ ಲಾಭ ಸಣ್ಣದು, ಎದುರಾಗುವ ಪ್ರಶ್ನೆ ದೊಡ್ಡದು. ಅದನ್ನು ಮೂಲದಂತೆಯೇ ಬಿಟ್ಟು, ಮೇನ್ ಜೆಟ್ಟಿನಿಂದಲೇ ಹೊಂದಾಣಿಕೆ ಮಾಡಿಕೊಂಡೆವು. ಫಿಲ್ಟರಿನ ಕಾಗದದ ಭಾಗ ನಮ್ಮ ವರ್ಗದಲ್ಲಿ ಮುಕ್ತವಾಗಿತ್ತು, ಪೆಟ್ಟಿಗೆ ಮುಕ್ತವಾಗಿರಲಿಲ್ಲ. ಎಂಜಿನ್ನನ್ನು ಕೆಡಿಸಿದ್ದ ಆ ಮುಚ್ಚಳದ ಅಂಚಿಗೆ ಹೊಸ ರಬ್ಬರ್ ಪಟ್ಟಿ ಅಂಟಿಸುವ ಬದಲು ಮೂಲದ ಸೀಲನ್ನೇ ತರಿಸಿ, ಗ್ರೀಸ್ ಸವರಿ ಕೂರಿಸಿದೆವು.

ಶಾಕ್ ಅಬ್ಸಾರ್ಬರ್‌ಗಳ ತಯಾರಕರು ಯಾರಾದರೂ ಆಗಬಹುದು. ಸಂಖ್ಯೆ, ಬಗೆ, ಕೆಲಸ ಮಾಡುವ ತತ್ತ್ವ ಮತ್ತು ಜೋಡಣೆಯ ಬಿಂದುಗಳು ಬದಲಾಗಬಾರದು. ಮುಂಚಕ್ರಗಳಿಗೆ ಸ್ವಲ್ಪ ಕ್ಯಾಂಬರ್ (ವಾಲಿಕೆ) ಬರಲೆಂದು ಸ್ಟ್ರಟ್ಟಿನ ಮೇಲ್ತುದಿಯನ್ನು ಹಿಡಿದಿರುವ ತೂತುಗಳನ್ನು ಅರದಿಂದ ಉದ್ದ ಮಾಡೋಣವೆಂಬ ಸಲಹೆ ಬಂದಿತ್ತು. ಜೋಡಣೆಯ ಬಿಂದು ಸರಿದಂತೆಯೂ ಆಯಿತು, ಬಾಡಿಯ ತಗಡನ್ನು ಕತ್ತರಿಸಿದಂತೆಯೂ ಆಯಿತು. ಒಂದೇ ಅರದ ಉಜ್ಜಿಗೆ ಎರಡು ಉಲ್ಲಂಘನೆ. ಅದನ್ನು ಅಲ್ಲಿಗೇ ಬಿಟ್ಟೆವು. ಬ್ರೇಕ್ ಲೈನಿಂಗ್ ಮುಕ್ತ, ಉಜ್ಜುವ ಮೇಲ್ಮೈ ಹಿಗ್ಗಬಾರದು ಅಷ್ಟೇ.

ಎಂಜಿನ್ನಿನ ಅಡಿಗೆ ಹಾಕುವ ಗಾರ್ಡ್ ವಿಚಾರದಲ್ಲಿ ನಿಯಮದ ಬರಹ ಅಚ್ಚುಕಟ್ಟಾಗಿದೆ: ಅದು ನಿಜವಾಗಿಯೂ ರಕ್ಷಣೆಯಾಗಿರಬೇಕು, ಕಳಚುವಂತಿರಬೇಕು, ಹೆಸರಿಸಿದ ಭಾಗಗಳನ್ನು ಕಾಪಾಡುವುದಕ್ಕೆಂದೇ ರೂಪಿಸಿದ್ದಾಗಿರಬೇಕು. ಈ ನೆಪದಲ್ಲಿ ದಪ್ಪ ತಗಡನ್ನು ಎರಡೂ ಛಾಸಿ ಪಟ್ಟಿಗಳಿಗೆ ವೆಲ್ಡ್ ಮಾಡಿ ಬಾಡಿಯನ್ನೇ ಗಟ್ಟಿ ಮಾಡಿಕೊಳ್ಳುವವರಿದ್ದಾರೆ. ನಮ್ಮದು 3 ಮಿ.ಮೀ. ಉಕ್ಕಿನ ತಗಡು, ಬೋಲ್ಟುಗಳಿಂದ ಮಾತ್ರ ನಿಂತಿದೆ. ಬೋಲ್ಟು ಬಿಚ್ಚಿದರೆ ಕಾರು ಮೊದಲಿನಂತೆಯೇ ಉಳಿಯಬೇಕು ಎಂಬುದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡೆವು.

ಸುರಕ್ಷತೆಯ ಭಾಗಗಳಲ್ಲಿ ವ್ಯಾಖ್ಯಾನಕ್ಕೆ ಜಾಗವೇ ಇಲ್ಲ, ಇರಬಾರದು ಕೂಡ. ಕಾರು ಮಗುಚಿದರೆ ಒಳಗಿರುವವರನ್ನು ಕಾಯುವ ಕೊಳವೆಗಳ ಚೌಕಟ್ಟಾದ ರೋಲ್ ಕೇಜಿನ ಮುಖ್ಯ ಕಮಾನಿಗೆ ಎಫ್‌ಐಎ ಕೇಳುವುದು ಶೀತಲವಾಗಿ ಎಳೆದ, ಬೆಸುಗೆಯಿಲ್ಲದ ಕಾರ್ಬನ್ ಉಕ್ಕಿನ ಕೊಳವೆ; ಹೊರವ್ಯಾಸ 45 ಮಿ.ಮೀ. ಮತ್ತು ದಪ್ಪ 2.5 ಮಿ.ಮೀ., ಇಲ್ಲವೇ 50 ಮತ್ತು 2. ಗೇಟು, ಗ್ರಿಲ್ ಮಾಡುವ ಅಂಗಡಿಗಳಲ್ಲಿ ಸಿಗುವ ಪೈಪು ಅಳತೆಯಲ್ಲಿ ಹೊಂದಿದರೂ ಉದ್ದಕ್ಕೆ ಬೆಸುಗೆಯ ಗೆರೆ ಇರುವಂಥದ್ದು. ಒಳಕ್ಕೆ ಬೆರಳು ಆಡಿಸಿದರೆ ಸಾಮಾನ್ಯವಾಗಿ ಆ ಗೆರೆ ಸಿಗುತ್ತದೆ. ನಾವು ಬೆಸುಗೆಯಿಲ್ಲದ ಕೊಳವೆಯನ್ನು ಗುಣಮಟ್ಟದ ಪತ್ರದೊಂದಿಗೆ ಹೊರಗಿನಿಂದ ತರಿಸಿದೆವು. ಕೇಜಿನ ಪಾದಗಳ ಅಡಿಯಲ್ಲಿ ಬಾಡಿಗೆ ವೆಲ್ಡ್ ಮಾಡುವ ಬಲವರ್ಧಕ ತಗಡು ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತಾರ, ಪ್ರತಿ ಪಾದಕ್ಕೆ ಕನಿಷ್ಠ ಮೂರು ಎಂ8 (8 ಮಿ.ಮೀ.) ಬೋಲ್ಟು, ತಲೆಯ ಮೇಲೆ ಬಲದ ದರ್ಜೆಯಾದ 8.8 ಎಂಬ ಗುರುತು ಇರಲೇಬೇಕು. ಅಗ್ನಿಶಾಮಕವನ್ನು ಎರಡು ಲೋಹದ ಪಟ್ಟಿಗಳಿಂದ ಬಿಗಿದೆವು. ಎಲ್ಲ ವಿದ್ಯುತ್ ಮಂಡಲಗಳನ್ನೂ ಕಡಿದು ಎಂಜಿನ್ನನ್ನು ನಿಲ್ಲಿಸುವ ಸ್ವಿಚ್ಚಿಗೆ ಹೊರಗಡೆ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತನ್ನು ಅಂಟಿಸಿದೆವು. ತ್ರಿಕೋನದ ತಳ 12 ಸೆಂ.ಮೀ.ಗೆ ಕಡಿಮೆಯಿಲ್ಲ.

ಸ್ಪರ್ಧೆಯ ನಿಯಮದಲ್ಲಿ ಸರಿಯಾದದ್ದು ರಸ್ತೆಯಲ್ಲೂ ಸರಿ ಎಂದು ಭಾವಿಸಬಾರದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ತಡೆಯುತ್ತದೆ, ಮತ್ತು 2019ರ ತಿದ್ದುಪಡಿಯ ನಂತರ ಅದಕ್ಕೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಇವೆ. ಕೇಜ್ ಹಾಕಿದ ಮೇಲೆ ಕಾರು ತನ್ನ ಚಕ್ರಗಳ ಮೇಲೆ ರಸ್ತೆಗೆ ಇಳಿದಿಲ್ಲ. 3,335 ಮಿ.ಮೀ. ಉದ್ದದ ಕಾರು 407 ಲಾರಿಯ ಮೇಲೆ ಕೂತು ಸ್ಪರ್ಧೆಗೆ ಹೋಯಿತು.

ತಪಾಸಣೆಯಲ್ಲಿ ಕಾರು ನಿಯಮಕ್ಕೆ ಹೊಂದಿದೆ ಎಂದು ತೋರಿಸುವ ಹೊಣೆ ಸ್ಪರ್ಧಿಯದೇ ಎಂದು ಅನುಬಂಧ-ಜೆ ಹೇಳುತ್ತದೆ. ಹೊಂದಿಲ್ಲವೆಂದು ಸಾಬೀತು ಮಾಡುವ ಕೆಲಸ ಅಧಿಕಾರಿಯದಲ್ಲ. ಇದನ್ನು ತಿಳಿದಿದ್ದರಿಂದಲೇ ಕಡತ ಕಟ್ಟಿದ್ದೆವು: ಬೋರಿನ ಹಳೆಯ ಮತ್ತು ಹೊಸ ಅಳತೆ, ಬ್ಲಾಕಿನ ಎತ್ತರ, ಸಂಘಟಕರ ಉತ್ತರ, ಬಿಲ್ಲುಗಳು, ಕೊಳವೆಯ ಪತ್ರ. ತಪಾಸಣಾಧಿಕಾರಿ ಮೊದಲು ಕೇಜಿನ ಬೋಲ್ಟುಗಳ ತಲೆಯನ್ನೂ ಕೊಳವೆಯ ವ್ಯಾಸವನ್ನೂ ನೋಡಿದರು, ಆಮೇಲೆ ಲೈನರಿನ ಪತ್ರವನ್ನು ಓದಿ ಅದರ ಒಂದು ಪ್ರತಿಯನ್ನು ತಾವಿಟ್ಟುಕೊಂಡರು. ಬೇರೊಬ್ಬ ಸ್ಪರ್ಧಿ ಆಕ್ಷೇಪಣೆಯನ್ನು ಶುಲ್ಕದೊಂದಿಗೆ ಬರಹದಲ್ಲಿ ಸಲ್ಲಿಸಿದರೆ ಹೆಡ್ ಇಳಿಸಬೇಕಾಗುತ್ತದೆ ಎಂದೂ, ಆಗ ತೀರ್ಮಾನ ತಮ್ಮದಲ್ಲ, ಸ್ಪರ್ಧೆಯ ತೀರ್ಪುಗಾರರಾದ ಸ್ಟುವರ್ಡ್‌ಗಳದು ಎಂದೂ ತಿಳಿಸಿದರು. ಅದಕ್ಕಾಗಿ ಒಂದು ಹೊಸ ಹೆಡ್ ಗ್ಯಾಸ್ಕೆಟ್ಟನ್ನೂ ಬೋರ್ ಗೇಜನ್ನೂ ಲಾರಿಯಲ್ಲೇ ತಂದಿದ್ದೆವು. ಆಕ್ಷೇಪಣೆ ಬರಲಿಲ್ಲ. ಏರ್ ಜೆಟ್ಟಿನ ಪ್ರಶ್ನೆಯನ್ನು ಈಗ ಅದೇ ಕ್ರಮದಲ್ಲಿ, ಮೂಲ ಜೆಟ್ಟಿನ ಅಳತೆ ಮತ್ತು ಕಲಮಿನ ಉಲ್ಲೇಖದೊಂದಿಗೆ, ಮುಂದಿನ ಸ್ಪರ್ಧೆಯ ಸಂಘಟಕರಿಗೆ ಕಳಿಸಿದ್ದೇವೆ. ಉತ್ತರ ಬರುವವರೆಗೆ ಕಾರ್ಬೊರೇಟರ್ ಈಗಿರುವಂತೆಯೇ ಇರುತ್ತದೆ.